ಎರಡು ಸುಲಟ, ಎರಡು ಉಲಟ

ಶೇವಂತಾ ಬಾಯಿ ಲೈಟ್‌ಬಿಲ್ಲಿನ ಹಿಂಬದಿಗೆ
ಮರಾಠಿಯಾಗ ಬರದು ಕೊಟ್ಟಾಳ:
ಇಪ್ಪತ್ನಾಕು ಕುಣಿಕಿ. ಎರಡು ಸುಲಟ, ಎರಡು ಉಲಟ.
ತುದಿ ಮುಟ್ಟಿದ ಮ್ಯಾಲ ಹೊಳ್ಳಿಸು. ಮತ್ತ ಅದ.
ಇಷ್ಟ. ಕೆಳಗೊಂದು ಗೀಟು ಎಳದಾಳ,
ಇನ್ನೇನೂ ಕೇಳಬ್ಯಾಡ ಅನ್ನೂ ಹಂಗ.

ನಾ ಜಾಬರ್ ಇದ್ದಾವ.
ಸೋಲಾಪುರದ ಅಕ್ಕಲಕೋಟ ರೋಡಿನ ಶೆಡ್ಡಿನ್ಯಾಗ ಇಪ್ಪತ್ತೆಂಟು ವರ್ಷ.
ಹದಿನಾರು ಮಗ್ಗ ಒಮ್ಮೆಲೆ ಬಡೀತಿದ್ರ
ಮೂರನೇದರಾಗ ಎಳಿ ಹರದದ್ದು
ಬಾಗಲದಾಗ ಚಾ ಕುಡಕೋತ ನಿಂತು ಹೇಳಾವ.
ಸಾವಿರಾರು ಎಳಿ ಹಾಸು, ಅದರ ಮ್ಯಾಲ ನವಿಲು,
ನವಿಲಿನ ಸುತ್ತ ಹೂವು,
ಒಂದೂ ತಪ್ಪಗೊಟ್ಟಿಲ್ಲ.
ಈಗ ಎರಡು ಕಡ್ಡಿ, ಒಂದು ಉಂಡಿ ಉಲ್ಲನ್,
ಹಣೀ ತುಂಬ ಬೆವರು.

ಲಾಳಿ ಹಾರಿ ಬಡದ ಬಲಗೈ ಎರಡು ಬೆರಳು
ಮಡಚಂಗಿಲ್ಲ. ಸಿವಿಲ್ ಆಸ್ಪತ್ರಿ ಡಾಕ್ಟರು
ಹಿಚುಕಲಿಕ್ಕೆ ರಬ್ಬರ್ ಚಂಡು ಕೊಟ್ಟಿದ್ರು.
ಓಣಿ ಹುಡುಗ್ರು ಕ್ರಿಕೆಟ್ಟಿಗೆ ಒಯ್ದ್ರು,
ಮೂರನೇ ದಿನಕ್ಕ ಅದು ನಾಲಾದಾಗ ಬಿತ್ತು.
ಅದಕ್ಕ ಈ ಕಡ್ಡಿ.
ಅದಕ್ಕ ಮಂಗಳವಾರ ಪೇಟ್ಯಾಗ
ಮಫ್ಲರ್ ಯಾರಿಗೆ ಅಂತ ಅಂಗಡ್ಯಾವ ಕೇಳಿದಾಗ
ಯಾರಿಗರೆ ಆಗಲಿ ತಗೊ ಅಂದು, ನಾಚಿ,
ಬದನಿಕಾಯಿ ಬಣ್ಣ ತಂದದ್ದು.

ಮೊದಲ ಸಾಲು ಇಪ್ಪತ್ನಾಕು.
ಎರಡನೇದೂ ಇಪ್ಪತ್ನಾಕು. ಮೀಸಿ ತಿರುವಿದೆ.
ಏಳನೇದಕ್ಕ ಇಪ್ಪತ್ತೇಳು!
ಮೂವರು ಎಲ್ಲಿಂದ ಬಂದ್ರು? ಕರದಾವ್ರು ಯಾರು?
ಲಗ್ನದ ಪಂಕ್ತಿಯಾಗ ಗುರತಿಲ್ಲದ ಬೀಗರಂಗ
ನಡುನಡುವ ಸೇರಿ ಕುಂತಾರ,
ಎಬ್ಬಸಲಿಕ್ಕೆ ಬರಂಗಿಲ್ಲ.
ಬಿಚ್ಚಿದೆ.
ಬಿಚ್ಚಿದ ನೂಲು ನೆಟ್ಟಗಾಗಲಿಲ್ಲ,
ಶ್ಯಾವಿಗಿ ಹಂಗ ಸುಕ್ಕು ಸುಕ್ಕು,
ನನ್ನ ತಪ್ಪೆಲ್ಲ ಬಾಯಿಪಾಠ ಮಾಡಿಕೊಂಡಂಗ.

ಉಲಟ ಅಂದ್ರ ಸುಲಟದ ಬೆನ್ನು, ಸಿದರಾಯ ಮಾಮಾ,
ಬ್ಯಾರೆ ಏನಲ್ಲ, ಅಂಜಬ್ಯಾಡ್ರಿ, ಅಂತಾಳ ಶೇವಂತಾ ಬಾಯಿ.
ಹಂಗಾರ ಒಂದ ಸಾಕಿತ್ತಲ್ಲ!
ಒಳಗಿಂದ ಸಾತವ್ವ:
ಬೆನ್ನಿಲ್ಲದ ಮನಷ್ಯಾನ್ನ ಎಲ್ಲಿ ನೋಡೀದಿ ನೀ?

ಈ ರಾತ್ರಿ ಹತ್ತರ ಸುಮಾರಿಗೆ ಲೈಟು ಹೋದ್ವು.
ಕಡ್ಡಿ ಕೆಳಗಿಡಬೇಕಂದೆ. ಇಡಲಿಲ್ಲ.
ಟಿಕ್ಕು, ಟಿಕ್ಕು, ಸರ್ರ್.
ಕಡ್ಡಿಗೆ ಕಡ್ಡಿ ತಾಗೂದು, ನೂಲು ಜಾರೂದು.
ಸುಲಟಕ್ಕೊಂದು ಸಪ್ಪಳ,
ಉಲಟಕ್ಕ ಅದಕಿಂತ ಮೆತ್ತಗಿಂದು ಇನ್ನೊಂದು.
ಅರೆ, ಇದೂ ಮಗ್ಗನ ಅಲ್ಲೇನು,
ಮಲಗಿದವರಿಗೆ ಎಚ್ಚರಾಗದಂಗ ನಡಿಯೂ ಮಗ್ಗ!
ಶೆಡ್ಡು ಗುಜರಿಗೆ ಹೋದ ದಿನ,
ಕಬ್ಬಿಣ ಕಿಲೋ ಲೆಕ್ಕದಾಗ ತೂಗೂ ಮುಂದ,
ಈ ಕಿವಿ ಇನ್ನ ಯಾತಕ್ಕ ಅಂದುಕೊಂಡಿದ್ದೆ.
ಕಣ್ಣು ಮುಚ್ಚೂದೂ ಬ್ಯಾಡ ಅಂಥಾ ಕತ್ತಲದಾಗ
ಕಿವೀಲೆ ಹೆಣದೆ, ನಾಕು ಸಾಲು.
ಮಡಚದ ಬೆರಳೂ ನಡುವ ಎಲ್ಲೋ ಮಡಚಿರಬೇಕು,
ನೋಡಿದಾವ್ರು ಯಾರು.

ಲೈಟು ಬಂದ್ವು. ಎಣಿಸಿದೆ.
ಇಪ್ಪತ್ಮೂರು.

ಸಾತವ್ವ ಹಾಸಿಗ್ಯಾಗಿಂದನ ನಕ್ಕಳು.
ನಾಕು ಸಾಲು ಕೆಳಗ ಅದೊಂದು ಕುಣಿಕಿ
ಬಾಯಿ ತಕ್ಕೊಂಡು ನಿಂತಿತ್ತು,
ಬಸ್ಸು ತಪ್ಪಿಸಿಕೊಂಡ ಹುಡುಗನಂಗ.
ಮತ್ತ ಬಿಚ್ಚತೀಯೇನು?
ಇಲ್ಲ. ಆ ಮಾಡದಾಗ ನನ್ನ ಹತ್ಯಾರದ ಡಬ್ಬಿ ಐತಿ, ತಾ.

ಫಣ್ಯಾಗಿಂದ ಎಳಿ ಜಗ್ಗೂ ಹುಕ್ಕು.
ಜಂಗು ಹಿಡದಿತ್ತು, ಧೋತರಕ್ಕ ಒರಸಿದೆ,
ಸಾತವ್ವ ಬೈದಳು.
ಬಾ ತಮ್ಮಾ, ಬಾ, ಒಂದನೇ ಮೆಟ್ಟಲ,
ಕಾಲು ಎತ್ತು, ಹಾಂ,
ಎರಡನೇದಕ್ಕ ಬಂದಾನ ಈಗ.
ಲೈಟು ಮತ್ತ ಹೋಗೂದ್ರಾಗ
ಇನ್ನೆರಡು.